ಟ್ಯಾಬಿನ ಅಂಚಿಗೆ ಜೋಳದ ಹಿಟ್ಟು

ಇವತ್ತು ಬೆಳಗ್ಗೆ ಟ್ಯಾಬಿನ ಕವರು ಬಿಚ್ಚಿ ಒರೆಸಲು ಕುಳಿತಾಗ ಅದರ ಅಂಚಿನ ಸಂದಿಯಲ್ಲಿ ಜೋಳದ ಹಿಟ್ಟು ಸಿಕ್ಕಿತು. ಇದೂ ಒಂದು ಹೇಳುವ ಸಂಗತಿಯೇ ಎಂದು ನೀವು ಕೇಳಬಹುದು. ನಮ್ಮ ಕಡೆಯ ಮನೆಗಳಲ್ಲಿ ಜೋಳದ ಹಿಟ್ಟು ಎಲ್ಲಿ ಸಿಗುವುದಿಲ್ಲ ಹೇಳಿ. ಬಾಗಿಲ ಚಿಲಕಕ್ಕೆ ಇರುತ್ತದೆ, ಕನ್ನಡಕದ ಕಡ್ಡಿಗೆ ಇರುತ್ತದೆ, ಟಿವಿ ರಿಮೋಟಿನ ಗುಂಡಿಗಳ ನಡುವೆಯಂತೂ ಖಾಯಂ ವಾಸ. ಆದರೆ ಈ ಟ್ಯಾಬಿಗೆ ನಾನು ಹಿಟ್ಟಿನ ಕೈ ಹಚ್ಚುವುದಿಲ್ಲ. ವ್ಯಾಪಾರಿಗಳಿಗೆ ಸೀರೆಯ ದಡಿಯ, ಅಂದರೆ ಅಂಚಿನ, ನಕ್ಷೆ ತೋರಿಸುವ ಟ್ಯಾಬು ಅದು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡೇ ಮುಟ್ಟುತ್ತೇನೆ. ನನ್ನನ್ನು ಬಿಟ್ಟರೆ ಅದನ್ನು ಮುಟ್ಟುವವರು ನಮ್ಮ ಅತ್ತೆಯೊಬ್ಬರೇ. ಅತ್ತೆ ಹಿಟ್ಟು ಮುಟ್ಟಿ ವರ್ಷವಾಯಿತು. ಅವರ ಬಲಗೈ ಬೆರಳು ಬಿಚ್ಚುವುದಿಲ್ಲ ಎಂದೇ ಈ ಟ್ಯಾಬು ಆಟದ ಸಾಮಾನಾದದ್ದು. ಹಾಗಾದರೆ ಈ ಹಿಟ್ಟು ಯಾರದು?

ಒರೆಸುವ ಬಟ್ಟೆಯನ್ನು ಕೈಯಲ್ಲೇ ಹಿಡಿದು ಸುಮ್ಮನೆ ಕುಳಿತೆ. ಕಳೆದ ವರ್ಷವೆಲ್ಲ ನೆನಪಾಯಿತು. ಮನಸ್ಸು ಅಷ್ಟಕ್ಕೇ ನಿಲ್ಲದೆ ಜಮಖಂಡಿಯ ನಮ್ಮ ತವರಿನ ಮಾಳಿಗೆಯವರೆಗೂ ಹೋಗಿ ಬಂತು.

ಅಪ್ಪನದು ಆಫೀಸಿನ ನೌಕರಿ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ, ಊಟಕ್ಕೆ ಮಾತ್ರ ಪೂರ್ತಿ ಚಪಾತಿ. ಈ ಚಪಾತಿಯ ಮಾತು ಮುಂದೆ ಬೇಕಾಗುತ್ತದೆ, ನೆನಪಿಡಿ. ಸಾಂಗ್ಲಿಯ ಸೋದರಮಾವ ಒಂದು ದೀಪಾವಳಿಗೆ ನಮ್ಮ ಅಣ್ಣನಿಗೆಂದು ಕೈಯಲ್ಲಿ ಹಿಡಿದು ಆಡುವ ಡಬ್ಬಿ ತಂದ. ಅದರಲ್ಲಿ ಮೇಲಿಂದ ಕರಿಯ ಇಟ್ಟಿಗೆಗಳು ಒಂದೊಂದಾಗಿ ಬೀಳುತ್ತಿದ್ದವು. ಸಂದಿ ಬಿಡದ ಹಾಗೆ ಸಾಲು ಹೊಂದಿಸಿದರೆ ಆ ಸಾಲು ಮಾಯವಾಗುತ್ತಿತ್ತು. ಡಬ್ಬಿಯ ಮೇಲೆ ಸಾವಿರಾರು ಆಟಗಳಿವೆ ಎಂದು ಬರೆದಿತ್ತು. ಹುಡುಕಿ ನೋಡಿದರೆ ಎಲ್ಲ ಅದೇ ಇಟ್ಟಿಗೆ, ಒಮ್ಮೆ ನಿಧಾನ, ಒಮ್ಮೆ ಜೋರು. ಅಣ್ಣನ ಸರದಿ ಮುಗಿದು ನನ್ನ ಕೈಗೆ ಬರುವ ಹೊತ್ತಿಗೆ ಸೆಲ್ಲು ಸತ್ತಿರುತ್ತಿತ್ತು. ನಾನು ಸತ್ತ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟು, ಸಂಡಿಗೆ ಕಾಯುವ ನೆಪದಲ್ಲಿ ಪಕ್ಕದಲ್ಲೇ ಕೂಡುತ್ತಿದ್ದೆ. ಬಿಸಿಲು ಕುಡಿದ ಸೆಲ್ಲು ಸ್ವಲ್ಪ ಹೊತ್ತು ಜೀವ ಹಿಡಿಯುತ್ತಿತ್ತು. ಅಷ್ಟರಲ್ಲಿ ನಾನು ಇಟ್ಟಿಗೆ ಜೋಡಿಸುತ್ತಿದ್ದೆ, ಕಾಗೆಗಳು ಸಂಡಿಗೆ ಒಯ್ಯುತ್ತಿದ್ದವು.

"ಕಾಗಿ ಸಂಡಿಗಿ ತಿಂದ್ವು. ನೀ ಏನ್ ತಿಂದಿ?" ಎಂದು ಅವ್ವ ಕೇಳುತ್ತಿದ್ದಳು. ಬೈಗುಳ ತಿಂದೆ, ಇನ್ನೇನು.

ಮದುವೆಯಾಗಿ ಬನಹಟ್ಟಿಗೆ ಬಂದೆ. ಇಲ್ಲಿ ಮುಂದಿನ ಪಡಸಾಲೆಯಲ್ಲಿ ಪವರ್‌ಲೂಮು, ಹಿಂದೆ ಅಡುಗೆಮನೆ, ನಡುವೆ ನಾವು. ಮಗ್ಗ ನಡೆಯುವಾಗ ಖಟ್ ಖಟ್ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಚಹಾ ಬೇಕಾದರೆ ಯಜಮಾನರು ಹೆಬ್ಬೆರಳು ಬಾಯಿಗೆ ತರುತ್ತಾರೆ. ಇಲ್ಲ ಎನ್ನಲು ನಾನು ಬರಿದಾದ ಹಾಲಿನ ಪಾತ್ರೆ ಎತ್ತಿ ತೋರಿಸುತ್ತೇನೆ. ಸಂಸಾರದ ಅರ್ಧ ಜಗಳ ಹೀಗೆ ಕೇಳಿಸದೆಯೇ ಕಳೆದುಹೋಗಿದೆ. ಕರೆಂಟು ಹೋದಾಗ ಮಾತ್ರ ನಮ್ಮಲ್ಲಿ ಮಾತು. ಬೇರೆಯವರು ಕರೆಂಟು ಹೋದರೆ ಬೈಯುತ್ತಾರೆ, ನಾವು ಚಹಾಕ್ಕಿಟ್ಟು ಸುತ್ತ ಕೂಡುತ್ತೇವೆ.

ಮಾವ ಬದುಕಿದ್ದಾಗ ಚೌಕಳಿ ಹಾಳೆಯ ಮೇಲೆ ದಡಿಯ ನಕ್ಷೆ ತೆಗೆಯುವುದನ್ನು ನನಗೆ ಕಲಿಸಿದರು. ಒಂದೊಂದು ಚೌಕ ಒಂದೊಂದು ಎಳೆಯ ಲೆಕ್ಕ. ಯಾವ ಚೌಕ ತುಂಬಬೇಕು, ಯಾವುದು ಖಾಲಿ ಬಿಡಬೇಕು ಎಂಬುದರಲ್ಲೇ ನವಿಲು, ಹೂವು, ಗೋಪುರ ಎಲ್ಲ ಮೂಡಬೇಕು. ಹಾಳೆ ನೋಡಿದ ಕೂಡಲೇ ನನಗೆ ಗುರುತು ಹತ್ತಿತು. ಇದು ನಮ್ಮ ಇಟ್ಟಿಗೆಯ ಆಟವೇ. ಸೊಸೆ ಬಹಳ ಬೇಗ ಕಲಿತಳು ಎಂದು ಮಾವ ಊರೆಲ್ಲ ಹೇಳಿಕೊಂಡು ಬಂದರು. ಮಾಳಿಗೆಯ ಸಂಡಿಗೆಯ ವಿಷಯ ಅವರಿಗೆ ಯಾರು ಹೇಳಬೇಕು.

ಇನ್ನು ಹೋತದ ಕಥೆ. ಪಕ್ಕದ ಮನೆಯ ಗಂಗವ್ವ ಕಳೆದ ವರ್ಷ ಚಿಮ್ಮಡದಿಂದ ಒಂದು ಹೋತ ತಂದರು. ಕರಿಯ ಮೈ, ಬಿಳಿಯ ಗಡ್ಡ, ಮುಖದ ಮೇಲೆ ಊರ ಹಿರಿಯರ ಗತ್ತು. ಗಂಜಿ ಹಾಕಿದ ಬಟ್ಟೆ ಎಂದರೆ ಅದಕ್ಕೆ ಪ್ರಾಣ. ಅತ್ತೆಯ ಬಳಿ ಒಂದು ಸೀರೆ ಇತ್ತು, ಕೈಮಗ್ಗದ ಕಾಲದಲ್ಲಿ ಅವರೇ ತಮಗಾಗಿ ನೇಯ್ದುಕೊಂಡದ್ದು. ಅದಕ್ಕೆ ಗಂಜಿ ಹಾಕಿ ಅಂಗಳದ ಹಗ್ಗಕ್ಕೆ ಒಣಹಾಕಿದ್ದರು. ಹೋತ ಬಂದು ಸೆರಗಿಗೆ ಬಾಯಿ ಹಾಕಿತು. ಅತ್ತೆ ಓಡಿದರು, ಒದ್ದೆ ಕಟ್ಟೆಯ ಮೇಲೆ ಕಾಲು ಜಾರಿತು, ಬಲ ಮುಂಗೈ ಊರಿಕೊಂಡು ಬಿದ್ದರು. ಕೈ ಮುರಿಯಿತು. ಹೋತ ಸೆರಗಿನ ಮೂಲೆಯೊಂದನ್ನು ಪೂರ್ತಿ ತಿಂದು ಮುಗಿಸಿಯೇ ಮನೆಗೆ ಹೋಯಿತು.

ಪ್ಲಾಸ್ಟರು ಬಿಚ್ಚಿಸಲು ಜಮಖಂಡಿಗೆ ಹೋದ ದಿನ ನನಗೆ ಚೆನ್ನಾಗಿ ನೆನಪಿದೆ. ಎಲುಬು ಕೂಡಿತ್ತು. ಆದರೆ ಬೆರಳು ಮಡಚಿದವು ಮಡಚಿದಂತೆಯೇ ಇದ್ದವು. ಡಾಕ್ಟರು ನಿಧಾನವಾಗಿ ಹೇಳಿದರು, ಬೆರಳು ದಿನಾಲು ಆಡಿಸಬೇಕು, ಅಗಲಿಸಬೇಕು, ಬಿಟ್ಟರೆ ಹೀಗೇ ನಿಂತುಬಿಡುತ್ತವೆ. ಬಸ್ಸಿನಲ್ಲಿ ಅತ್ತೆ ಆ ಕೈಯನ್ನು ತೊಡೆಯ ಮೇಲೆ ಬೇರೆ ಯಾರದೋ ಸಾಮಾನಿನ ಹಾಗೆ ಇಟ್ಟುಕೊಂಡು ಕುಳಿತಿದ್ದರು.

"ಇದು ನನ್ನ ಕೈ ಅಲ್ಲ ಸುಮಾ," ಎಂದರು. "ಎಳಿ ಕಡದ್ರ ಕಣ್ಣ ಮುಚ್ಚಿ ಗಂಟ ಹಾಕತಿತ್ತು ನನ್ನ ಕೈ. ರೊಟ್ಟಿ ಬಡ್ಯಾಕ ಕುಂತ್ರ ತಾನ ಓಡತಿತ್ತು. ಇನ್ನ ನಾ ರೊಟ್ಟಿ ಬಡ್ಯೂದು ಆತ ಬಿಡು."

ಕಣ್ಣಲ್ಲಿ ನೀರು ಬಂದಿತ್ತು ಅವರಿಗೆ. ನನಗೂ ಬಂತು. ನನ್ನ ನೀರಿನಲ್ಲಿ ಸ್ವಲ್ಪ ಸ್ವಾರ್ಥವೂ ಇತ್ತು, ಸುಳ್ಳು ಯಾಕೆ ಹೇಳಲಿ. ಅತ್ತೆಯ ರೊಟ್ಟಿ ತಿಂದವರಿಗೆ ಗೊತ್ತು ಅದೇನೆಂದು. ತೆಳ್ಳಗೆ, ಅಂಚು ಒಡೆಯದೆ, ಹಂಚಿನ ಮೇಲೆ ಹಾಕಿದರೆ ಉಬ್ಬಿ ಕೂಡುವಂಥದ್ದು. ಇನ್ನು ಅಡುಗೆಮನೆಯಲ್ಲಿ ಉಳಿದವಳು ಚಪಾತಿಯ ಮನೆಯಿಂದ ಬಂದ ನಾನು. ನನ್ನ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೂತು, ಅಂಚಂತೂ ಕೇಳಲೇಬೇಡಿ. ಯಜಮಾನರು ತಟ್ಟೆಯಲ್ಲಿ ಅದನ್ನು ತಿರುಗಿಸಿ ನೋಡಿ, "ಇದು ಬಾಗಲಕೋಟಿ ಜಿಲ್ಲಾ ಆತು. ನಾಳಿ ಬಿಜಾಪುರ ಮಾಡ," ಎನ್ನುತ್ತಿದ್ದರು. ಅತ್ತೆ ಏನೂ ಅನ್ನದೆ ಹಾಲಿನಲ್ಲಿ ಮುರಿದು ಹಾಕಿಕೊಂಡು ತಿನ್ನುತ್ತಿದ್ದರು. ಅದೇ ನನಗೆ ಹೆಚ್ಚು ಉರಿಯುತ್ತಿತ್ತು.

ಕೈಯಲ್ಲಿ ಹಿಡಿದು ಹಿಚುಕಲು ಡಾಕ್ಟರು ಒಂದು ಮೆತ್ತನೆಯ ಚೆಂಡು ಕೊಟ್ಟಿದ್ದರು. ಅತ್ತೆ ಅದನ್ನು ಎಡಗೈಯಲ್ಲಿ ಎತ್ತಿ ಹೋತಕ್ಕೆ ಹೊಡೆದರು. ಹೋತ ಅದನ್ನೂ ಒಯ್ದಿತು.

ಆ ದಿನಗಳಲ್ಲಿ ನಾನು ಮೊಬೈಲಿನಲ್ಲಿ ಆಟ ಆಡುತ್ತಿದ್ದೆ. ಹೌದು, ಮಗ್ಗದ ಮನೆಯ ಸೊಸೆ, ತಲೆಗೂದಲಲ್ಲಿ ಬಿಳಿ ಬಂದವಳು, ಮಧ್ಯಾಹ್ನ ಕರೆಂಟು ಹೋದರೆ ಮೊಬೈಲಿನಲ್ಲಿ ಒಕ್ಕಲುತನ ಮಾಡುತ್ತಿದ್ದೆ. ಒಂದು ದಿನ ಅತ್ತೆ ಬಗ್ಗಿ ನೋಡಿದರು.

"ಹೊಲ ಯಾರದು?"

"ಯಾರದೂ ಅಲ್ರಿ, ಆಟ."

"ಮತ್ತ ಅಷ್ಟ ಗಜ್ಜರಿ ಬೆಳದೀದಿ, ಯಾರ ತಿಂತಾರ?"

ಆ ಕ್ಯಾರೆಟ್ಟಿನ ಹೊಲ ಬಿಟ್ಟು ಹಳೆಯ ಇಟ್ಟಿಗೆಯ ಆಟ ಹಾಕಿಕೊಟ್ಟೆ. ಅತ್ತೆಗೆ ಅದು ಹಿಡಿಸಿತು, ಆದರೆ ಆಡಿದ್ದು ಎಡಗೈಯ ಒಂದೇ ಬೆರಳಿನಿಂದ. ಬಲಗೈ ಮಡಿಲಲ್ಲಿ ಮಲಗಿತ್ತು. ಐದೂ ಬೆರಳಿಗೆ ಕೆಲಸವಿರುವ ಆಟ ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಓಡಿಸುವುದು, ಹಾರಿಸುವುದು, ಹೊಡೆಯುವುದು, ಸಿಕ್ಕಿದ್ದನ್ನೆಲ್ಲ ಆಡಿ ನೋಡಿದೆ. ಎಲ್ಲದಕ್ಕೂ ಹೆಬ್ಬೆರಳೊಂದಿದ್ದರೆ ಸಾಕಾಗುತ್ತಿತ್ತು. ಕೊನೆಗೆ ಸಿಟ್ಟು ಬಂದು, ನಾನೇ ಒಂದು ಆಟ ಮಾಡುತ್ತೇನೆ ಎಂದುಬಿಟ್ಟೆ. ಯಜಮಾನರು ನಗಲಿಲ್ಲ. ಮಗ್ಗ ನಡೆದಿತ್ತು, ಅವರಿಗೆ ಕೇಳಿಸಿರಲಿಲ್ಲ.

ಆಟ ಮಾಡುವುದನ್ನು ಕಲಿಸುವ ವಿಡಿಯೋಗಳು ಇರುತ್ತವೆ. ಕಲಿಸುವವರು ಬಹಳ ಒಳ್ಳೆಯವರು, ಆದರೆ ಅವರ ಮಾತೂ ನಮ್ಮ ಮನೆಯಲ್ಲಿ ಕೇಳಿಸುವುದಿಲ್ಲವಲ್ಲ. ತುಟಿ ನೋಡಿ, ಬೆರಳು ನೋಡಿ, ನಿಲ್ಲಿಸಿ, ಹಿಂದಕ್ಕೆ ಸರಿಸಿ ಕಲಿತೆ. ಆಟದ ಕಥೆಗೆ ಮಾತ್ರ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅತ್ತೆಯ ಸೀರೆ ಕಚ್ಚಿಕೊಂಡು ಹೋತ ಓಡಬೇಕು, ಮುಧೋಳ ನಾಯಿ ಬೆನ್ನಟ್ಟಬೇಕು.

ಮೊದಲ ಸಲ ಟ್ಯಾಬಿನಲ್ಲಿ ನಾಯಿ ಮೂಡಿದಾಗ ಅತ್ತೆಯನ್ನು ಕರೆದು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ನಾಯಿ ಸತ್ತೈತೇನು?"

ನೋಡಿದರೆ ಖರೆ, ನಾಯಿ ಅಂಗಾತ ಬಿದ್ದು ನಾಲ್ಕೂ ಕಾಲು ಆಕಾಶಕ್ಕೆ ಮಾಡಿ ಓಡುತ್ತಿತ್ತು. ಹೋತವೂ ಹಾಗೆಯೇ, ನೆಲ ಮೇಲೆ, ಮೋಡ ಕೆಳಗೆ. ತಪ್ಪು ಎಲ್ಲಾಯಿತೆಂದು ಹುಡುಕಲು ಒಂದು ವಾರ ಹಿಡಿಯಿತು. ದಡಿಯ ನಕ್ಷೆಯಲ್ಲಿ ನಾವು ಕೆಳಗಿನ ಸಾಲಿನಿಂದ ಎಣಿಸುತ್ತೇವೆ, ಏಕೆಂದರೆ ಬಟ್ಟೆ ಹುಟ್ಟುವುದೇ ಹಾಗೆ. ಮೊದಲು ನೇಯ್ದ ಸಾಲು ಕೆಳಗಿರುತ್ತದೆ, ಅದರ ಮೇಲೆ ಮುಂದಿನದು. ಈ ಆಟದ ಲೆಕ್ಕವೋ ಮೇಲಿನ ಸಾಲಿನಿಂದ ಶುರುವಾಗುತ್ತದೆ. ನಾನು ಅಷ್ಟು ದಿನ ನೇಕಾರರ ಲೆಕ್ಕದಲ್ಲಿ ಚೌಕ ತುಂಬುತ್ತ ಬಂದಿದ್ದೆ. ಎಲ್ಲವನ್ನೂ ಮತ್ತೆ ತಿರುಗಿಸಿ ಕೂಡಿಸಿದೆ. ಗಂಗವ್ವ ಮಾತ್ರ, "ಇರಲಿ ಬಿಡ್ರಿ, ಹೋತ ಹಂಗ ಛಲೋ ಕಾಣತಿತ್ತು," ಎಂದರು.

ಆಮೇಲೆ ನಾಯಿಯ ಓಟ ಸರಿಹೋಗಲಿಲ್ಲ. ಎಮ್ಮೆಯ ಕರುವಿನ ಹಾಗೆ ಕುಪ್ಪಳಿಸುತ್ತಿತ್ತು. ಅದಕ್ಕೆಂದು ಯಜಮಾನರನ್ನು ಕರೆದುಕೊಂಡು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಬಸ್ಸಿನಲ್ಲಿ ಮುಧೋಳಕ್ಕೆ ಹೋದೆ. ಊರ ಹೊರಗೆ ಪರಿಚಯದವರೊಬ್ಬರ ತೋಟದಲ್ಲಿ ಅಂಥ ನಾಯಿ ಇತ್ತು. ಉದ್ದ ಮೂತಿ, ಸಪೂರ ಸೊಂಟ, ಬೇವಿನ ನೆರಳಲ್ಲಿ ಮಲಗಿತ್ತು. ಓಡಿಸಿ ಎಂದೆ.

"ಓಡು ಅಂದ್ರ ಓಡೂ ಜಾತಿ ಅಲ್ರಿ ಇದು. ಅದಕ್ಕ ಮನಸ್ಸ ಬರಬೇಕು," ಎಂದರು ತೋಟದವರು.

ಮೊಬೈಲು ಹಿಡಿದು ಮಧ್ಯಾಹ್ನವೆಲ್ಲ ಕಾದೆ. ನಾಯಿ ಒಮ್ಮೆ ಆಕಳಿಸಿತು, ಅದನ್ನೇ ವಿಡಿಯೋ ಮಾಡಿಕೊಂಡೆ. ಎದುರಿಗೆ ಒಂದು ಆಡಿನ ಹಿಂಡು ಹೋದರೂ ಅದು ಕಿವಿ ಕೂಡ ಎತ್ತಲಿಲ್ಲ. ಸೋತು, ಮೊಬೈಲು ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟುವಾಗ ಅದಕ್ಕೆ ಏನು ಕಂಡಿತೋ, ಎದ್ದು ಹಾರಿತು. ನಾಲ್ಕೂ ಕಾಲನ್ನು ಹೊಟ್ಟೆಯ ಕೆಳಗೆ ಗಂಟು ಕಟ್ಟಿದ ಹಾಗೆ ಕೂಡಿಸಿ, ಮರುಗಳಿಗೆ ಮುಂದೆ ಹಿಂದೆ ಚೆಲ್ಲಿ, ಕಬ್ಬಿನ ಬದುವಿನಗುಂಟ ಹೋಗಿಯೇಬಿಟ್ಟಿತು. ನಾನು ಕಣ್ಣು ಮಿಟುಕಿಸಲಿಲ್ಲ. ಬಸ್ಸಿನಲ್ಲಿ ಟಿಕೆಟಿನ ಹಿಂದೆ ಆ ಎರಡು ಭಂಗಿ ಗೀಚಿಕೊಂಡು ಬಂದೆ. ಅವೆರಡರಲ್ಲೇ ನಮ್ಮ ನಾಯಿ ಇವತ್ತಿಗೂ ಓಡುತ್ತದೆ.

ಆಟ ಆಡುವುದು ಹೀಗೆ: ಟ್ಯಾಬನ್ನು ನೆಲಕ್ಕಿಟ್ಟು, ಅದರ ಮೇಲೆ ಬಲಗೈ ಹರವಬೇಕು. ಪ್ರತಿ ಬೆರಳ ಕೆಳಗೆ ಒಂದು ಗುಂಡಿ. ತೋರುಬೆರಳು ಒತ್ತಿದರೆ ನಾಯಿ ಹಾರುತ್ತದೆ, ಹೆಬ್ಬೆರಳಿಗೆ ಬಗ್ಗುತ್ತದೆ, ನಡುಬೆರಳಿಗೆ ಜೋರು ಓಡುತ್ತದೆ, ಉಂಗುರದ ಬೆರಳಿಗೆ ಹೊರಳುತ್ತದೆ, ಕಿರುಬೆರಳಿಗೆ ಬೊಗಳುತ್ತದೆ.

"ಬೊಗಳೂದು ಕಿರಿಬೆರಳಿಗ್ಯಾಕ ಕೊಟ್ಟಿ?" ಎಂದು ಅತ್ತೆ ಕೇಳಿದರು.

"ಸಣ್ಣದು ಐತಲ್ರಿ, ಬಾಯಾದ್ರೂ ಜೋರ ಇರಲಿ."

ಮೊದಮೊದಲು ಬೆರಳೆಲ್ಲ ಒಂದೇ ಗುಂಡಿಯ ಮೇಲೆ ಬೀಳುತ್ತಿದ್ದವು. ನಾಯಿ ಹಾರುವಲ್ಲಿ ಬೊಗಳುತ್ತಿತ್ತು, ಬೊಗಳುವಲ್ಲಿ ಹಳ್ಳಕ್ಕೆ ಬೀಳುತ್ತಿತ್ತು. ಅತ್ತೆ ಹಲ್ಲು ಕಚ್ಚಿ ನೋವು ನುಂಗುವುದು ನನಗೆ ಕಾಣುತ್ತಿತ್ತು. ಸಾಕು ಬಿಡ್ರಿ ಎಂದರೆ, "ಸುಮ್ಮನ ಕುಂಡರು, ಈ ಹೋತನ್ನ ಬಿಡೂದಿಲ್ಲ," ಎನ್ನುತ್ತಿದ್ದರು. ಡಾಕ್ಟರ ಮಾತಿಗೆ ಅಲುಗದ ಬೆರಳು ಹೋತದ ಮೇಲಿನ ಸಿಟ್ಟಿಗೆ ಅಲುಗತೊಡಗಿತು. ಕರೆಂಟು ಹೋಯಿತೆಂದರೆ ಅತ್ತೆ ತಾವೇ ಚಾಪೆ ಹಾಸಿ, "ಆ ನಾಯಿ ತಗೊಂಡ ಬಾ," ಎನ್ನುವ ಹಾಗಾಯಿತು. ನಾನು ಪಕ್ಕದಲ್ಲಿ ಚಹಾ ಹಿಡಿದು ಕೂಡುತ್ತಿದ್ದೆ. ಆಡುತ್ತ ಆಡುತ್ತ ಅವರು ಮಾತಾಡುತ್ತಿದ್ದರು: ಮೊದಲ ಸಲ ಮಗ್ಗದ ಕುಣಿಯಲ್ಲಿ ಕಾಲಿಟ್ಟದ್ದು, ಲಾಳಿ ಹಾರಿ ಮಾವನ ಹಣೆಗೆ ಬಡಿದದ್ದು, ಆ ಸೀರೆಯನ್ನು ಮನೆಯವರಿಗೆ ತಿಳಿಯದಂತೆ ಉಳಿದ ನೂಲಿನಲ್ಲಿ ನೇಯ್ದದ್ದು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಇದೊಂದೂ ಗೊತ್ತಿರಲಿಲ್ಲ.

ನಾನೂ ಒಂದು ಕಿತಾಪತಿ ಮಾಡುತ್ತಿದ್ದೆ. ವಾರಕ್ಕೊಮ್ಮೆ, ಅತ್ತೆಗೆ ತಿಳಿಯದ ಹಾಗೆ, ಗುಂಡಿಗಳನ್ನು ಒಂದೊಂದು ಎಳೆಯಷ್ಟು ದೂರ ಸರಿಸುತ್ತಿದ್ದೆ. ಬೆರಳು ಅಗಲವಾಗಲಿ ಎಂದು. ತಿಳಿದಿದ್ದರೆ ಸಿಟ್ಟಾಗುತ್ತಿದ್ದರು, ಆದ್ದರಿಂದ ಹೇಳಲಿಲ್ಲ.

ಮಳೆಗಾಲದ ಒಂದು ದಿನ ಅತ್ತೆ ಆಟ ನಿಲ್ಲಿಸಿ ನನ್ನ ಕಡೆ ತಿರುಗಿದರು. "ಸುಮಾ, ಈ ಹೋತ ಸಿಗೂದು ಯಾವಾಗ?"

ಹೋತ ಸಿಗುವುದೇ ಇಲ್ಲ. ದಡಿಯ ನಕ್ಷೆ ತೆಗೆಯುವವಳ ಚಾಳಿ ನೋಡಿ. ಹಳ್ಳ, ಬೇಲಿ, ಕಲ್ಲು, ಕಬ್ಬಿನ ಗಾಡಿ ಎಂದು ಒಂದು ತುಂಡು ಮಾಡಿ, ಅದನ್ನೇ ಮತ್ತೆ ಮತ್ತೆ ಜೋಡಿಸಿಬಿಟ್ಟಿದ್ದೆ. ದಡಿಗೆ ನಾವು ಮಾಡುವುದೇ ಅಷ್ಟು, ಉಳಿದದ್ದು ಮಗ್ಗದ ಪಾಲು. ಹೀಗಾಗಿ ಹೋತ ತಿಂಗಳುಗಟ್ಟಲೆ ಅದೇ ಬೇಲಿ ಹಾರುತ್ತ ಓಡುತ್ತಲೇ ಇತ್ತು, ಅತ್ತೆಯ ನಾಯಿ ಹಿಂದೆ ಹಿಂದೆ.

"ದಡಿ ಅಷ್ಟ ಮಾಡೀದಿ," ಎಂದರು ಯಜಮಾನರು, ಟ್ಯಾಬು ನೋಡಿ. "ಸೆರಗ ಎಲ್ಲಿ?"

ಸೆರಗು ಮಾಡಲು ಕುಳಿತೆ. ದಡಿ ಮಾಡಿದವಳಿಗೆ ಸೆರಗು ಏನು ಮಹಾ ಎಂದುಕೊಂಡಿದ್ದೆ, ಸಾಕು ಸಾಕಾಯಿತು. ಓಟ ನಿಲ್ಲಬೇಕು, ಬಣ್ಣ ಬದಲಾಗಬೇಕು, ಹೋತ ಒಂದು ಮೂಲೆಗೆ ಸಿಕ್ಕಿಬೀಳಬೇಕು. ಅತ್ತೆಯ ಹರಿದ ಸೀರೆ ಎದುರಿಗಿಟ್ಟುಕೊಂಡು ಅದರ ಕೆಂಪು ಸೆರಗನ್ನೇ ಚೌಕ ಚೌಕವಾಗಿ ಇಳಿಸಿದೆ. ಬೀಳಗಿಯಲ್ಲಿರುವ ನನ್ನ ಅಕ್ಕನಿಗೆ ಆಟವನ್ನು ಒಮ್ಮೆ ಕಳಿಸಿದೆ. ಅವಳ ಮನೆಯಲ್ಲಿ ಆಡು ಕುರಿ ಸಾಕಿದ್ದಾರೆ. "ಹೋತ ಗೆಲ್ಲೂ ಹಂಗ ಮಾಡವಾ, ಪಾಪ," ಎಂದಳು. ಫೋನು ಇಟ್ಟುಬಿಟ್ಟೆ.

ನಿನ್ನೆ ಸೆರಗು ಮುಗಿಯಿತು. ಇವತ್ತು ಅತ್ತೆಗೆ ತೋರಿಸಬೇಕೆಂದು ಬೆಳಗ್ಗೆ ಟ್ಯಾಬು ಒರೆಸಲು ಕುಳಿತದ್ದು, ಆಗ ಸಿಕ್ಕಿದ್ದು ಈ ಹಿಟ್ಟು.

ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗ ನಿಂತಿತು. ಅತ್ತೆ ಚಾಪೆ ಹಾಸಿದರು. ನಾನು ಟ್ಯಾಬು ಕೊಡುವ ಮೊದಲು ಅಂಚು ತೋರಿಸಿದೆ.

"ಇದೇನ್ರಿ ಅತ್ತಿ?"

ಅವರು ಹಿಟ್ಟು ನೋಡಿದರು, ನನ್ನನ್ನು ನೋಡಿದರು. "ಹಿಟ್ಟ ಐತಿ. ಕಾಣೂದಿಲ್ಲನು?"

"ಯಾರ ಕೈದ್ರಿ?"

"ನಂದ." ಚಾಪೆಯ ಅಂಚು ಸರಿಮಾಡುತ್ತ ಹೇಳಿದರು, "ನೀ ನಕ್ಷಿ ಕೊಡಾಕ ರಬಕವಿಗೆ ಹ್ವಾದಾಗ ಒಂದೊಂದ ಬಡೀತಿದ್ದೆ. ಮಗ್ಗದ ಸಪ್ಪಳದಾಗ ನಿನ್ನ ಗಂಡಗ ಏನ್ ಕೇಳತೈತಿ."

"ಬಡದದ್ದು ಯಾರ ತಿಂತಿದ್ರು?"

"ನಾನ. ನಿನ್ನ ರೊಟ್ಟಿ ತಿಂದ ತಿಂದ ನನಗ ಬ್ಯಾಸರ ಆಗಿರ್ತಿತ್ತಲ್ಲ."

ಸಿಟ್ಟು ನೆತ್ತಿಗೇರಿತು ನನಗೆ. ಇಡೀ ಮನೆ ಬಾಗಲಕೋಟೆ ಜಿಲ್ಲೆ ತಿನ್ನುತ್ತಿರುವಾಗ ಇವರು ಒಬ್ಬರೇ ಒಳಗೆ ಕುಳಿತು ಉಬ್ಬಿದ ರೊಟ್ಟಿ ತಿನ್ನುತ್ತಿದ್ದರು. "ಕೈ ಬಂದೈತಿ ಅಂತ ಒಂದ ಮಾತ ಹೇಳಬಾರದೇನ್ರಿ," ಎಂದೆ. ದನಿ ಏರಿತ್ತು.

"ಹೇಳಿದ್ರ ನೀ ಆಟ ಅಲ್ಲಿಗೇ ಬಿಡ್ತಿದ್ದಿ. ಹೋತ ಸಿಗದ ಹೋಗತಿತ್ತು." ಅತ್ತೆ ಟ್ಯಾಬನ್ನು ತಮ್ಮ ಕಡೆ ಎಳೆದುಕೊಂಡರು. "ಮತ್ತ ಕರೆಂಟ್ ಹ್ವಾದ್ರ ನನ್ನ ಬಾಜೂ ಬಂದ ಯಾರ ಕುಂಡರತಿದ್ರು?"

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಪಕ್ಕದಲ್ಲಿ ಕುಳಿತೆ. ಅತ್ತೆ ಕೈ ಹರವಿದರು. ಐದು ಬೆರಳೂ ತಮ್ಮ ತಮ್ಮ ಗುಂಡಿಗೆ ಹೋಗಿ ಕುಳಿತವು. ನಾಯಿ ಹಳ್ಳ ಹಾರಿತು, ಗಾಡಿಯ ಕೆಳಗೆ ನುಸುಳಿತು, ಬೇಲಿ ದಾಟಿತು. ದಡಿ ಮುಗಿದು ಟ್ಯಾಬಿನ ತುಂಬ ಕೆಂಪು ಬಂತು. ಮೂಲೆಯಲ್ಲಿ ಹೋತ ನಿಂತಿತ್ತು, ಬಾಯಲ್ಲಿ ಸೀರೆ. ಅತ್ತೆಯ ಕಿರುಬೆರಳು ಬಿದ್ದಿತು, ನಾಯಿ ಬೊಗಳಿತು, ಹೋತ ಬಾಯಿ ಬಿಟ್ಟಿತು. ನಾಯಿ ಸೆರಗು ಕಚ್ಚಿಕೊಂಡು ಮನೆಯ ಕಡೆ ನಡೆಯಿತು. ಅತ್ತೆ ಅದು ಕಾಣದಾಗುವವರೆಗೂ ನೋಡಿದರು.

"ಛಲೋ ಆತು," ಎಂದು ಎದ್ದರು. ಕೈ ತೊಳೆದು, ಪರಾತ ಎಳೆದು, ಹಿಟ್ಟು ನಾದಿದರು. ಆಮೇಲೆ ಮಗ್ಗ ನಿಂತ ಮನೆಯಲ್ಲಿ ಪಟ ಪಟ ಎಂದು ರೊಟ್ಟಿ ಬಡಿಯುವ ಸದ್ದು ಎದ್ದಿತು. ಯಜಮಾನರು ಪಡಸಾಲೆಯಿಂದ ಬಂದು ಬಾಗಿಲಲ್ಲಿ ನಿಂತರು. "ಯಾಕ ಬೇ ಯವ್ವಾ, ನೀನ ಏನು?" ಎಂದಷ್ಟೇ ಕೇಳಿ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಅದನ್ನು ಅರ್ಧ ಮುರಿದು ಅವರಿಗೆ ಕೊಟ್ಟೆ, ಅರ್ಧ ನಾನು ತಿಂದೆ. ಬೆಣ್ಣೆ ಹಚ್ಚುವಷ್ಟು ತಾಳ್ಮೆಯೂ ಇರಲಿಲ್ಲ.

"ತಿಂದದ್ದು ಆತಲ್ಲ, ಇಲ್ಲಿ ಬಾ," ಎಂದರು ಅತ್ತೆ. ಮುಂದಿನ ಹಿಟ್ಟಿನ ಉಂಡೆ ಪರಾತದ ನಡುವೆ ಇಟ್ಟು ನನ್ನ ಬಲಗೈ ಹಿಡಿದು ಅದರ ಮೇಲೆ ಹರವಿದರು. ನನ್ನ ಕೈ ಮೇಲೆ ಅವರ ಕೈ. ಬಡಿಯುತ್ತ, ತಿರುಗಿಸುತ್ತ, ಪ್ರತಿ ಸುತ್ತಿಗೂ ನನ್ನ ಬೆರಳುಗಳನ್ನು ತಮ್ಮ ಬೆರಳಿನಿಂದ ಒಂದೊಂದು ಎಳೆಯಷ್ಟು ದೂರ ಸರಿಸಿದರು.

"ಏನ್ ಮಾಡಾಕತ್ತೀರಿ?" ಎಂದೆ.

"ಗುಂಡಿ ಸರಸಾಕತ್ತೇನಿ," ಎಂದರು ಅತ್ತೆ. "ಸುಮ್ಮನ ಬಡಿ."